ಚೀಲದ ತಳದ ದನಿ

ಬ್ಯಾಡಗಿಯಲ್ಲಿ ಕೆಮ್ಮು ಕಾಯಿಲೆಯಲ್ಲ. ಹೊರಗಿನವರು ಬಸ್ಸಿಳಿದ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ನಾವು ಅವರನ್ನು ನೋಡಿ ನಗುತ್ತೇವೆ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ, ಕಣ್ಣೊರೆಸಿಕೊಳ್ಳುತ್ತದೆ, ಗಂಟಲು ಕೆರೆದುಕೊಳ್ಳುತ್ತದೆ. ಯಾರದಾದರೂ ದನಿ ಬಿದ್ದರೆ ಯಾಕೆ ಬಿತ್ತೆಂದು ಕೇಳುವವರಿಲ್ಲ. 'ಖಾರದ ಘಾಟು' ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಹೊಟ್ಟೆನೋವನ್ನೂ ಘಾಟಿನ ಮೇಲೆ ಹಾಕುವ ಜನ ನಾವು. ನನ್ನ ದನಿ ಬಿದ್ದಾಗ ನಾನೂ ಹಾಗೆಯೇ ಹಾಕಿದೆ.

ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮೇಲೆ ನಾನು ಮೇಲ್ವಿಚಾರಕಿ. ಹೆಸರು ದೊಡ್ಡದು, ಕೆಲಸ ಕೂಗುವುದು. ತಗಡಿನ ಮಾಡಿನ ಕೆಳಗೆ ಸಾಲುಸಾಲಾಗಿ ಕುಳಿತ ಹೆಂಗಸರು, ಎರಡು ಮೂಲೆಯಲ್ಲಿ ದೂಳು ಹೊರಗೆಳೆಯುವ ದೊಡ್ಡ ಫ್ಯಾನುಗಳು, ಬಾಗಿಲಲ್ಲಿ ಲಾರಿ. ಈ ಗದ್ದಲದಲ್ಲಿ ಮಾತು ದಾಟಿಸಬೇಕಾದರೆ ಹೊಟ್ಟೆಯೊಳಗಿನ ಕರುಳೂ ಜೊತೆಗೆ ಕೂಗಬೇಕು. ಮನೆಗೆ ಬಂದರೆ ಅಲ್ಲೂ ಬಿಡುವಿಲ್ಲ. ನನ್ನ ಯಜಮಾನರದು ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಮೋಟರಿನ ಪಕ್ಕ ನಿಂತು ಅವರ ಕಿವಿ ಅರ್ಧ ಹೋಗಿದೆ. 'ಊಟಕ್ಕ ಏಳ್ರಿ' ಎನ್ನುವುದನ್ನು ಓಣಿಗೆಲ್ಲ ಕೇಳುವಂತೆ ಹೇಳಬೇಕು. ಓಣಿಯವರು ನಮ್ಮ ಮನೆಯಲ್ಲಿ ದಿನವೂ ಜಗಳ ಎಂದುಕೊಂಡಿದ್ದಾರೆ. ಅವರಿಗೂ ಹೊತ್ತು ಹೋಗಬೇಕಲ್ಲ.

ಸಂಕ್ರಾಂತಿ ಕಳೆದ ಮೇಲೆ ದನಿ ಒಡೆಯತೊಡಗಿತು. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನಕ್ಕೆ ಒರಟು, ಸಂಜೆಗೆ ಬರಿಯ ಗಾಳಿ. ಶಿವರಾತ್ರಿ ಹೋಯಿತು, ಹೋಳಿ ಹೋಯಿತು, ದನಿ ತಿರುಗಿ ಬರಲಿಲ್ಲ. ಆಗಲೂ ಘಾಟೆಂದೇ ಬಾಯಲ್ಲಿ ಹೇಳುತ್ತಿದ್ದೆ. ಒಳಗೆ ಮಾತ್ರ ಬೇರೊಂದು ಮಾತಿತ್ತು, ಅದನ್ನು ಯಾರ ಮುಂದೆಯೂ ಆಡುತ್ತಿರಲಿಲ್ಲ. ನಮ್ಮ ಅಪ್ಪ ಹೋದದ್ದು ಗಂಟಲಿನ ದೊಡ್ಡ ರೋಗದಿಂದ. ಅದರ ನಿಜವಾದ ಹೆಸರನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಹೇಳುವುದಿಲ್ಲ.

ಅಪ್ಪ ಮೆಣಸಿನಕಾಯಿ ಪ್ಯಾಟೆಯಲ್ಲಿ ಒಬ್ಬ ಖರೀದಿದಾರರ ಕಡೆ ಮಾಲು ಪರೀಕ್ಷೆ ಮಾಡುವವನಾಗಿದ್ದ. ಈಗಿನಂತೆ ಮೊಬೈಲಿನಲ್ಲಿ ದರ ಒತ್ತುವ ಕಾಲವಲ್ಲ. ಬಾಯಿ ಬಿಚ್ಚಿದ ಚೀಲಗಳ ಸಾಲಿನ ನಡುವೆ ನಡೆದು, ಒಂದು ಕಾಯಿ ಮುರಿದು, ಕಿವಿಯ ಹತ್ತಿರ ಅಲುಗಿಸಿ, ಮೂಸಿ, ಅವನು ಮಾಲಿನ ಜಾತಕ ಹೇಳುತ್ತಿದ್ದ. ತಂದವರು ಒಳ್ಳೆಯ ಕೆಂಪು ಕಾಯಿಗಳನ್ನು ಚೀಲದ ಬಾಯಿಗೆ ಜೋಡಿಸಿರುತ್ತಾರೆ. ಅದು ಪ್ಯಾಟೆಯಲ್ಲಿ ಮೋಸವಲ್ಲ, ಮದುವೆ ಹೆಣ್ಣಿಗೆ ಪೌಡರ್ ಹಚ್ಚಿದಷ್ಟೇ ಸಹಜ. ಅದಕ್ಕೇ ಅಪ್ಪ ಮೇಲಿನ ಕಾಯಿ ಮುಟ್ಟುತ್ತಿರಲಿಲ್ಲ. ಭುಜದವರೆಗೂ ಕೈ ಇಳಿಸಿ ತಳದಿಂದ ಒಂದು ಮುಷ್ಟಿ ತೆಗೆಯುತ್ತಿದ್ದ. "ಚೀಲದ ಬಾಯಿ ನೋಡಬಾರದವ್ವಾ, ಹೊಟ್ಟಿ ನೋಡಬೇಕು" ಎಂದು ನನಗೂ ಹೇಳಿಕೊಟ್ಟಿದ್ದ. ಆ ಬಲಗೈಗೆ ಖಾರ ಎಷ್ಟು ಇಂಗಿತ್ತೆಂದರೆ ಅವನು ಎಂದೂ ಆ ಕೈಯಿಂದ ನಮ್ಮ ಮುಖ ಮುಟ್ಟಿದವನಲ್ಲ.

ಅಂಥವನ ದನಿ ಬಿದ್ದು ವರ್ಷವಾದರೂ ಎಲ್ಲರೂ ಘಾಟು ಎಂದರು. ಕೊನೆಗೆ ಡಾಕ್ಟರರ ಹತ್ತಿರ ಹೋದ ದಿನ ಬಿಸಿಹಾಲಿಗೆ ತುಪ್ಪ, ಕಾಳುಮೆಣಸಿನ ಪುಡಿ ಹಾಕಿ ಕುಡಿದು, ಗಂಟಲು ಸಾಪು ಮಾಡಿಕೊಂಡು, "ಏನಿಲ್ರಿ, ಸ್ವಲ್ಪ ಘಾಟು" ಎಂದು ಗಟ್ಟಿಯಾಗಿ ಹೇಳಿದನಂತೆ. ಅವರು ಔಷಧದ ಬಾಟಲಿ ಕೊಟ್ಟು ಕಳಿಸಿದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು.

ನನ್ನ ಮಗಳು ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಮದುವೆಯಾಗಿ ಅಲ್ಲೇ ಇದ್ದಾಳೆ. ಒಂದು ಸಂಜೆ ಅಳಿಯನ ಮೊಬೈಲಿಗೆ ಫೋನು ಮಾಡಿದೆ. ಹೆಸರು ನೋಡದೆ ಅವಳೇ ಎತ್ತಿದಳು. ನಾನು ಮಾತಾಡಿದೆ.

"ಯಾರ್ರೀ ಮಾತಾಡೋದು?" ಎಂದಳು.

"ನಾನಽ, ನಿಮ್ಮವ್ವ."

ಅವಳು, "ಅವ್ವಾ, ಇದು ಘಾಟಲ್ಲ. ನೀ ನನ್ನ ಮುಂದ ಘಾಟು ಅನಬ್ಯಾಡ. ಶನಿವಾರ ಹಾವೇರಿಗೆ ಬಾ, ನಾ ಈ ಕಡಿಂದ ಬರ್ತೀನಿ" ಎಂದು ಫೋನಿಟ್ಟಳು. ಅಜ್ಜನ ಕೊನೆಯ ದಿನಗಳನ್ನು ಅವಳು ಕಂಡಿದ್ದಾಳೆ. ನಾನು ಬಾಯಿ ಬಿಡದಿದ್ದ ಮಾತು ಅವಳ ತಲೆಯಲ್ಲೂ ಇತ್ತು.

ಆಗ ನಾನು ಮಾಡಿದ ಕೆಲಸ ಕೇಳಿದರೆ ಓದಿದವರು ನಗಬಹುದು. ಬ್ಯಾಡಗಿಯವರು ನಗುವುದಿಲ್ಲ. ಶನಿವಾರದವರೆಗೆ ಗೋದಾಮಿಗೆ ರಜೆ ಹಾಕಿದೆ. ಜ್ಯೇಷ್ಠಮಧುವಿನ ಕಡ್ಡಿ ದವಡೆಯಲ್ಲಿಟ್ಟುಕೊಂಡೆ. ಯಜಮಾನರಿಗೆ ಊಟಕ್ಕೆ ಕರೆಯುವುದನ್ನು ಬಿಟ್ಟು ತಟ್ಟೆಯನ್ನೇ ಮುಂದೆ ತಂದಿಟ್ಟೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದೆ, ಒಂದು ಮಾತೂ ಆಡಲಿಲ್ಲ. ಶನಿವಾರ ಬೆಳಿಗ್ಗೆ ಬಿಸಿಹಾಲಿಗೆ ತುಪ್ಪ ಹಾಕಿ, ಕಾಳುಮೆಣಸಿನ ಪುಡಿ ಉದುರಿಸಿ ಕುಡಿದೆ. ಕುಡಿಯುವಾಗ ಅಪ್ಪನ ನೆನಪಾಯಿತು. ಲೋಟ ಕೆಳಗಿಡಬೇಕಿತ್ತು, ಇಡಲಿಲ್ಲ. ಹೆದರಿದವರಿಗೆ ನಿಜ ಬೇಕಾಗಿರುವುದಿಲ್ಲ, 'ಏನೂ ಇಲ್ಲ' ಎನ್ನುವ ಒಂದು ಮಾತು ಸಿಕ್ಕರೆ ಸಾಕಾಗಿರುತ್ತದೆ. ನನಗೂ ಅಷ್ಟೇ ಬೇಕಿತ್ತು.

ಹಾವೇರಿಯ ಕಿವಿ ಮೂಗು ಗಂಟಲಿನ ಡಾಕ್ಟರರು ನಾಲಿಗೆ ಹಿಡಿದು ಸಣ್ಣ ಕನ್ನಡಿ ಇಟ್ಟು ನೋಡಲು ಹೋದರು. ನನಗೆ ವಾಕರಿಕೆ ಬಂದು ಕೈ ತಳ್ಳಿದೆ. "ಆಯ್ತು, ಮೊದಲು ದನಿ ಪರೀಕ್ಷಾ ಮಾಡಿಸಿಕೊಂಡ ಬರ್ರಿ. ಆಮ್ಯಾಲ ಕ್ಯಾಮೆರಾ ಹಾಕಿ ನೋಡೂಣು" ಎಂದು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿ ದನಿಯ ಪರೀಕ್ಷೆ ಮಾಡುವ ಹುಡುಗಿ ಇದ್ದಳು, ಹೊಸರಿತ್ತಿ ಕಡೆಯವಳು. ನನ್ನ ಮಗಳಿಗಿಂತ ಚಿಕ್ಕವಳು, ಮಾತು ಮೆತ್ತಗೆ. ಬಾಯಿಯಿಂದ ಒಂದು ಗೇಣು ದೂರಕ್ಕೆ ಮೈಕು ನಿಲ್ಲಿಸಿ, ಕಂಪ್ಯೂಟರು ನನ್ನ ಕಡೆ ತಿರುಗಿಸಿ, "ಅಕ್ಕಾರ, ಒಳಗ ತುಂಬ ಗಾಳಿ ತೊಗೊಳ್ರಿ. ಒಂದಽ ಉಸಿರಿನ್ಯಾಗ ಎಷ್ಟು ಹೊತ್ತು ಆಗ್ತೈತಿ ಅಷ್ಟು ಹೊತ್ತು 'ಆ' ಅನ್ರಿ" ಎಂದಳು. ಅಂದೆ. ಪರದೆಯ ಮೇಲೆ ಒಂದು ಗೆರೆ ಓಡಿತು. ಆಮೇಲೆ ಹಾವು ಬುಸುಗುಟ್ಟಿದಂತೆ 'ಸ್', ದುಂಬಿ ಹಾರಿದಂತೆ 'ಝ್'. ದನಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ ಇಳಿಸುವುದು. ಒಂದಿಷ್ಟು ಅಂಕಿ ಎಣಿಸುವುದು. ಒಂದು ಪುಟ್ಟ ಪಾಠ ಓದುವುದು. 'ಸ್' ಹೇಳುವಾಗ ಗಂಟಲಿನ ತಂತುಗಳಿಗೆ ಕೆಲಸವಿಲ್ಲ, 'ಝ್' ಹೇಳುವಾಗ ಅವೆರಡೂ ಕೂಡಬೇಕು; ಸರಿಯಾಗಿ ಕೂಡದಿದ್ದರೆ ಗಾಳಿ ಸೋರಿ ಲಗೂನೆ ಮುಗಿದುಹೋಗುತ್ತದೆ ಎಂದು ಅವಳೇ ಬಿಡಿಸಿ ಹೇಳಿದಳು. ಹೇಳಿದ್ದು ತಪ್ಪಾಯಿತು. ಅದು ತಿಳಿದ ಮೇಲೆ 'ಝ್' ಅನ್ನು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಬರುವವರೆಗೆ ಎಳೆದೆ.

ನಂತರ ಪ್ರಶ್ನೆಗಳು. ದನಿಯ ಸಲುವಾಗಿ ಮಂದಿಯೊಂದಿಗೆ ಮಾತು ಬಿಟ್ಟಿದ್ದೀರೇನು? ಸಂಜೆಗೆ ದನಿ ಕೆಡುತ್ತದೇನು? ಮಾತಾಡಲು ತ್ರಾಸಾಗುತ್ತದೇನು? ಎಲ್ಲಕ್ಕೂ "ಹಂಗೇನಿಲ್ರಿ" ಎಂದೆ. ಮೂಲೆಯಲ್ಲಿ ಕುಳಿತಿದ್ದ ಮಗಳು ಬಾಯಿ ತೆರೆದಳು. ನಾನು ಅವಳತ್ತ ನೋಡಿದ ರೀತಿಗೆ ಮತ್ತೆ ಮುಚ್ಚಿದಳು.

ಕೊನೆಗೆ ಹುಡುಗಿ ಕೇಳಿದಳು. "ಅಕ್ಕಾರ, ಇವತ್ತಿನ ಈ ದನಿ ನಿಮ್ಮ ದಿನದ ದನೀನಽ ಹೌದಲ್ರಿ?"

"ಹೌದ್ರಿ" ಎಂದೆ.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. "ಸ್ವಲ್ಪ ಗಾಳಿ ಸೋರತೈತಿ. ಆದ್ರ ಭಾಳ ಕೆಟ್ಟಿಲ್ಲ" ಎಂದಳು. ಡಾಕ್ಟರರು ಕ್ಯಾಮೆರಾ ಹಾಕೋಣ ಎಂದಾಗ ನಾನು ಆ ಮಾತನ್ನೇ ಅವರ ಮುಂದೆ ಹಿಡಿದೆ. "ಕೆಟ್ಟಿಲ್ಲ ಅಂದಾರಲ್ರಿ, ಮತ್ತ ಕ್ಯಾಮೆರಾ ಯಾಕ್ರಿ?" ಅವರಿಗೆ ಮನಸ್ಸಿರಲಿಲ್ಲ. ಬೇಕೇ ಬೇಕು ಎಂದರು, ನಾನು ಒಲ್ಲೆನೆಂದೆ. ಹದಿನೈದು ದಿನಕ್ಕೆ ಗುಳಿಗೆ ಬರೆದುಕೊಟ್ಟು, ಮುಂದಿನ ಸಲ ಬಿಡುವುದಿಲ್ಲ ಎಂದು ಎಚ್ಚರಿಸಿ ಕಳಿಸಿದರು. ಹೊರಗೆ ಬಂದು ಮಗಳೊಂದಿಗೆ ಗಿರಮಿಟ್ಟು ತಿಂದೆ. ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಹತ್ತಿತ್ತು. ಮಗಳು ಮಾತ್ರ ಮುಖ ಊದಿಸಿಕೊಂಡೇ ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ನನ್ನ ಖುಷಿ ಮೋಟೆಬೆನ್ನೂರಿನವರೆಗೂ ಬಾಳಲಿಲ್ಲ. ಬ್ಯಾಡಗಿಯ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದೆ. ಹೊಲದ ಕಣದಲ್ಲಿ ಯಾರೋ ಮೆಣಸಿನಕಾಯಿ ಚೀಲಕ್ಕೆ ತುಂಬುತ್ತಿದ್ದರು. ಒಬ್ಬ ಹೆಂಗಸು ಬಗ್ಗಿ ನಿಂತು ಚೀಲದ ಬಾಯಿಗೆ ಒಳ್ಳೊಳ್ಳೆಯ ಕಾಯಿ ಆರಿಸಿ ಇಡುತ್ತಿದ್ದಳು. ಅದನ್ನು ನೋಡಿದ್ದೇ ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ಆ ಹುಡುಗಿ ತೂಗಿದ್ದು ಯಾವ ದನಿಯನ್ನು? ರಜೆ ಹಾಕಿ, ಹಾಲು ಕುಡಿಸಿ, ತೊಳೆದು, ಆರಿಸಿ ಮೇಲಿಟ್ಟ ದನಿಯನ್ನು. 'ಭಾಳ ಕೆಟ್ಟಿಲ್ಲ' ಎನ್ನುವ ಮಾತು ಆ ಮೇಲಿನ ಕಾಯಿಗೆ ಸಿಕ್ಕಿದ್ದು, ನನಗಲ್ಲ. ಇಷ್ಟು ಸಿಂಗಾರ ಮಾಡಿದ ಮೇಲೂ ಗಾಳಿ ಸೋರುತ್ತದೆಂದರೆ ತಳದಲ್ಲಿ ಏನಿರಬೇಡ?

ಆ ದಿನದಿಂದ ನಾನು ಪಟ್ಟ ಹೆದರಿಕೆ ಮೊದಲಿನದಕ್ಕಿಂತ ಹೆಚ್ಚಿನದು. ಮೊದಲು ಗೊತ್ತಿಲ್ಲ ಎನ್ನುವ ಹೆದರಿಕೆ ಇತ್ತು. ಈಗ ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ ಎನ್ನುವುದೂ ಅದಕ್ಕೆ ಕೂಡಿತು. ಸೋಮವಾರ ಗೋದಾಮಿಗೆ ಹೋದೆ, ಊಟದ ಹೊತ್ತಿಗೆ ದನಿ ಹೋಯಿತು. ಉಗುಳು ನುಂಗಿದರೆ ಅಲ್ಲೇನೋ ಸಿಕ್ಕಿಕೊಂಡಂತೆ. ನುಂಗುತ್ತ ನುಂಗುತ್ತ ಅದನ್ನೇ ಹುಡುಕುತ್ತಿದ್ದೆ. ಕನ್ನಡಿಯ ಮುಂದೆ ಬಾಯಿ ತೆರೆದು ಬ್ಯಾಟರಿ ಬಿಟ್ಟುಕೊಂಡು ನೋಡಿದೆ, ಕಿರುನಾಲಿಗೆ ಬಿಟ್ಟು ಏನೂ ಕಾಣಲಿಲ್ಲ. ಯಜಮಾನರಿಗೆ ಹೇಳಿಕೊಳ್ಳೋಣವೆಂದರೆ ಅವರಿಗೆ ಕೇಳಿಸುವಷ್ಟು ದನಿಯೇ ನನ್ನಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ಕೈಸನ್ನೆಯ ಸಂಸಾರ ನಡೆಯಿತು. ಅವರೂ ಏನೋ ಚಿಂತೆಯಲ್ಲಿದ್ದಂತೆ ಕಂಡರು. ಕೇಳುವ ತ್ರಾಣ ನನಗಿರಲಿಲ್ಲ.

ಆ ವಾರದಲ್ಲೇ ಒಂದು ದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬಳು ನಾನು ಕೂಗಿದ್ದನ್ನು ಕೇಳಿ ಕೈಯಲ್ಲಿದ್ದ ಕಾಯಿ ಬಿಟ್ಟು ತಲೆ ಎತ್ತಿದಳು. ಅವಳು ಅಪ್ಪನ ಕಾಲದಿಂದ ಪ್ಯಾಟೆಯಲ್ಲಿ ದುಡಿದವಳು. "ತಂಗೀ, ನಿಮ್ಮಪ್ಪನಽ ಬಂದನೇನೋ ಅಂತ ಹೊಳ್ಳಿ ನೋಡಿದೆ ನೋಡ" ಎಂದು ನಕ್ಕಳು. ಪ್ರೀತಿಯಿಂದಲೇ ಅಂದಳು.

ಕೆಲಸ ಮುಗಿದ ಕೂಡಲೇ ಕೈಕಾಲು ತೊಳೆಯದೆ, ಸೀರೆ ಕೊಡವದೆ, ಒಂದು ಗುಟುಕು ನೀರೂ ಕುಡಿಯದೆ ಹಾವೇರಿಯ ಬಸ್ಸು ಹತ್ತಿದೆ. ನನ್ನ ಮೈಮೇಲಿನ ದೂಳಿಗೆ ಮುಂದಿನ ಸೀಟಿನವರು ಸೀನಿದರು, ಹಿಂದಿನವರು ಸೀನಿದರು, ಟಿಕೆಟು ಕೊಡಲು ಬಂದ ಕಂಡಕ್ಟರನೂ ಸೀನಿದ. "ಏನ್ ಅಕ್ಕಾರ, ಇಡೀ ಪ್ಯಾಟೀನಽ ಹೊತ್ಕೊಂಡ ಬಂದೀರೇನು?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ. ಬಾಯಿ ಬಿಡಲಿಲ್ಲ. ಆ ದನಿ ಹಾಗೆಯೇ, ಕೆಟ್ಟದ್ದು ಕೆಟ್ಟಂತೆಯೇ ಹಾವೇರಿ ಮುಟ್ಟಬೇಕಿತ್ತು.

ಹುಡುಗಿ ಕಂಪ್ಯೂಟರು ಮುಚ್ಚಿ ಚೀಲ ಹೆಗಲಿಗೇರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ. "ಬಾಯಾರ, ಅವತ್ತು ನಿಮಗ ಚೀಲದ ಬಾಯಿ ತೋರ್ಸಿದ್ದೆ. ಇವತ್ತು ತಳ ತಂದೇನಿ. ಇನ್ನೊಮ್ಮೆ ನೋಡ್ರಿ."

ನನ್ನ ದನಿ ಕೇಳಿಯೇ ಅವಳು ಚೀಲ ಕೆಳಗಿಟ್ಟಳು. ಅಪ್ಪನ ರೋಗ, ಹಾಲು, ರಜೆ, ಜ್ಯೇಷ್ಠಮಧು ಎಲ್ಲ ಹೇಳಿದೆ. ಬೈಯಬಹುದೆಂದುಕೊಂಡಿದ್ದೆ, ಬೈಯಲಿಲ್ಲ. "ಕುಂದ್ರಿ ಅಕ್ಕಾರ" ಎಂದು ಮೈಕು ನಿಲ್ಲಿಸಿದಳು. ಅದೇ 'ಆ'. ಈ ಸಲ ಗೆರೆ ನಾಲ್ಕು ಹೆಜ್ಜೆ ಓಡಿ, ಎಡವಿ, ಹರಿದುಹೋಯಿತು. ದನಿ ಮೇಲೇರಿಸಲು ಹೋದರೆ ನಡುವೆ ಒಂದು ಕಡೆ ಪೂರಾ ಮಾಯ. 'ಸ್' ಎಷ್ಟು ಬೇಕಾದರೂ ಬಂತು, 'ಝ್' ಶುರುವಾಗುವುದರೊಳಗೆ ಮುಗಿಯಿತು. ಪ್ರಶ್ನೆಗಳಿಗೆ ಈ ಸಲ ನಿಜ ಹೇಳಿದೆ. ಒಂದೊಂದು ನಿಜ ಹೇಳಿದಾಗಲೂ ನನ್ನ ಹೆದರಿಕೆಗೆ ಒಂದೊಂದು ಸಾಕ್ಷಿ ಸಿಕ್ಕಂತಾಗುತ್ತಿತ್ತು.

"ಎರಡೂ ಕೇಳಸ್ತೀನಿ, ಫರಕು ನಿಮಗಽ ತಿಳೀತೈತಿ" ಎಂದು ಅವಳು ಎರಡೂ ದಿನದ ಓದನ್ನು ಹಚ್ಚಿದಳು. ಮೊದಲಿನದರಲ್ಲಿ ಒಬ್ಬ ಹೆಂಗಸು ಪಾಠ ಓದುತ್ತಿದ್ದಳು. ಎರಡನೆಯದರಲ್ಲಿ ಅಪ್ಪ ಓದುತ್ತಿದ್ದ. ಸುಳ್ಳಲ್ಲ, ಆ ಕರಕರ, ಸಾಲಿನ ಕೊನೆಗೆ ಗಾಳಿಯಾಗಿ ಆರಿಹೋಗುವ ಮಾತು, ಹಾಸಿಗೆ ಹಿಡಿದ ಅಪ್ಪ ನೀರು ಕೇಳುತ್ತಿದ್ದ ದನಿ ಅದೇ. ನಾನು ಕೈ ಮುಗಿದು "ಸಾಕ್ರಿ, ಬಂದ್ ಮಾಡ್ರಿ" ಎಂದೆ.

ಡಾಕ್ಟರರು ಇನ್ನೂ ಇದ್ದರು. ಈ ಸಲ ನಾನು ಒಲ್ಲೆ ಅನ್ನಲಿಲ್ಲ. ಗಂಟಲಿಗೆ ಕಹಿ ಔಷಧ ಸಿಂಪಡಿಸಿದರು, ನಾಲಿಗೆ ಸತ್ತಂತಾಯಿತು. ಅದನ್ನು ಬಟ್ಟೆಯಲ್ಲಿ ಹಿಡಿದೆಳೆದು ಕ್ಯಾಮೆರಾದ ಕೊಳವೆ ಇಳಿಸಿದರು. ಎದುರಿನ ಟೀವಿಯಲ್ಲಿ ನನ್ನ ಗಂಟಲು ಕಂಡಿತು. ಕೆಂಪು ಗವಿ, ಅದರೊಳಗೆ ಎರಡು ಬಿಳಿಯ ಪಟ್ಟಿ. 'ಈ' ಅನ್ನಿ ಎಂದರು, ಅಂದೆ. ಡಾಕ್ಟರರು ಏನೂ ಮಾತಾಡಲಿಲ್ಲ. ಇನ್ನೊಮ್ಮೆ ಎಂದರು. ಮತ್ತೂ ಸುಮ್ಮನೆ. ಮಾಲು ನೋಡಿ ಖರೀದಿದಾರ ಸುಮ್ಮನಿದ್ದನೆಂದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಅಪ್ಪ ಹೇಳುತ್ತಿದ್ದ. ಗಿರಣಿಯವರ ಊಟಕ್ಕೆ ಇನ್ನು ಯಾರು ಎಂಬುದೊಂದೇ ತಲೆಗೆ ಬಂತು. ಸಾಯುವ ಹೊತ್ತಿಗೆ ದೇವರು ನೆನಪಾಗುತ್ತಾನೆ ಎನ್ನುತ್ತಾರೆ, ನನಗೆ ರೊಟ್ಟಿ ನೆನಪಾಯಿತು.

ಕೊಳವೆ ತೆಗೆದು ಡಾಕ್ಟರರು ಹೇಳಿದರು. "ಗಂಟು ಅದಾವ್ರಿ."

ಮುಂದಿನದು ನನಗೆ ಕೇಳಿಸಲೇ ಇಲ್ಲ. ಹುಡುಗಿ ನನ್ನ ಭುಜ ಹಿಡಿದು ಎರಡು ಸಲ ಹೇಳಬೇಕಾಯಿತು. "ಅಕ್ಕಾರ, ಆ ರೋಗ ಅಲ್ಲ. ಇಲ್ಲಿ ನೋಡ್ರಿ, ಎರಡೂ ಕಡೆ, ಎದುರು ಬದುರು, ಸಾಸಿವಿ ಕಾಳಿನಷ್ಟು. ಕೂಗಿ ಕೂಗಿ ಅವೆರಡೂ ಒಂದಕ್ಕೊಂದು ಬಡದು ಆಗಿದ್ದು. ಸಲಿಕಿ ಹಿಡದ ಕೈ ಜಡ್ಡುಗಟ್ಟತೈತಲ್ರಿ, ಹಂಗ."

ನಾನು ಡಾಕ್ಟರರನ್ನೇ ಕೇಳಿದೆ. "ನೀವು ತಳದತನಕ ನೋಡೀರೇನ್ರಿ?"

ಅವರಿಗೆ ನಗು ಬಂದಿರಬೇಕು, ನಗಲಿಲ್ಲ. ನಿಂತಿದ್ದ ಚಿತ್ರವನ್ನು ಮತ್ತೆ ಓಡಿಸಿ ಒಂದೊಂದು ಮೂಲೆಯನ್ನೂ ಬೆರಳಿಟ್ಟು ತೋರಿಸಿದರು. ಕತ್ತರಿಸುವುದು ಈಗ ಬೇಡ, ಮೊದಲು ಕೂಗುವುದನ್ನು ಬಿಡಬೇಕು, ದನಿ ಬಳಸುವುದನ್ನು ಈ ಹುಡುಗಿಯ ಹತ್ತಿರ ಹೊಸದಾಗಿ ಕಲಿಯಬೇಕು, ಮತ್ತೆ ಮತ್ತೆ ಬಂದು ಪರೀಕ್ಷೆ ಮಾಡಿಸಬೇಕು ಎಂದರು. "ಪಿಸುಮಾತೂ ಬ್ಯಾಡ್ರಿ" ಎಂದಳು ಹುಡುಗಿ. "ಮೆಲ್ಲಕ, ಸಮ ಮಾತಾಡ್ರಿ. ಕೇಳವರು ಹತ್ತರ ಬರ್ಲಿ."

ಬ್ಯಾಡಗಿ ಮುಟ್ಟಿದಾಗ ಗಿರಣಿ ಇನ್ನೂ ನಡೆದಿತ್ತು. ಜೋಳದ ಡಬ್ಬಿ ಹಿಡಿದು ಇಬ್ಬರು ಮೂವರು ನಿಂತಿದ್ದರು. ಯಜಮಾನರು ಹಿಟ್ಟು ಬೀಳುವ ಕಡೆ ಅಂಗೈ ಒಡ್ಡಿ ಶಾಖ ನೋಡುತ್ತಿದ್ದರು. ಕಲ್ಲು ಕಾದಿದೆಯೋ ಇಲ್ಲವೋ ಎಂದು ಅವರು ತಿಳಿಯುವುದು ಹಾಗೆ. ನನ್ನ ಮುಖ ನೋಡಿದವರೇ ಮೋಟರು ಬಂದ್ ಮಾಡಿದರು. ಗಿರಾಕಿಗಳು ಗೊಣಗಿದರು. ನನಗೆ ತಿಳಿದಂತೆ ಕಾಳು ಬೀಸುವ ನಡುವೆ ಅವರು ಗಿರಣಿ ನಿಲ್ಲಿಸಿದ್ದು ಅದೇ ಮೊದಲ ಸಲ.

ನಾನು ಅವರ ಕಿವಿಯ ಹತ್ತಿರ ಹೋಗಿ ಮೆಲ್ಲಗೆ, ಕಲಿಸಿದಂತೆ ಹೇಳಿದೆ. "ಹಾವೇರಿಗೆ ಹೋಗಿದ್ದೆ. ಗಂಟಲಾಗ ಗಂಟು ಅದಾವಂತ. ಅಪ್ಪಂದು ಅಲ್ಲಂತ."

ಅವರು ಅಲ್ಲೇ ಚೀಲದ ಮೇಲೆ ಕುಳಿತುಬಿಟ್ಟರು. "ಅಂದ್ರ ನಿಂದಽ ದನಿ ಬಿದ್ದಿತ್ತೇನು?" ಎಂದರು. "ನಾ ನನ್ನ ಕಿವೀನಽ ಪೂರಾ ಹೋದ್ವು ಅಂತ ತಿಳಕೊಂಡಿದ್ದೆ. ನಿನ್ನ ಬಾಯಿ ಆಡತಿತ್ತು, ನನಗ ಕೇಳಸ್ತಿದ್ದಿಲ್ಲ. ಹೇಳಿದ್ರ ನೀ ಅಂಜತಿ ಅಂತ ಸುಮ್ಮಕಿದ್ದೆ."

ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಎರಡು ಬದಿಗೆ ಕುಳಿತು, ಇಬ್ಬರೂ ಬೇರೆ ಬೇರೆ ಹೆದರಿದ್ದೆವು. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಗಟ್ಟಿಯಾಗಿ ಮಾಡುವಂತಿರಲಿಲ್ಲ.

ಈಗ ಗೋದಾಮಿನಲ್ಲಿ ನಾನು ಕೂಗುವುದಿಲ್ಲ. ಸ್ಟೀಲಿನ ತಾಟಿಗೆ ಚಮಚ ಬಡಿಯುತ್ತೇನೆ, ಕರೆದವಳು ಎದ್ದು ಬರುತ್ತಾಳೆ. ಹಾವೇರಿಯ ಹುಡುಗಿ ಮೊನ್ನೆ ಗೆರೆ ಉದ್ದವಾಗಿದೆ ಎಂದಳು. ನನ್ನ ಹೆದರಿಕೆ ಪೂರ್ತಿ ಹೋಗಿದೆ ಎಂದರೆ ಅದು ಮತ್ತೆ ಚೀಲದ ಬಾಯಿ ತೋರಿಸಿದಂತೆ. ದಿನವೂ ಕೆಲಸ ಮುಗಿದ ಮೇಲೆ, ನೀರು ಕುಡಿಯುವ ಮೊದಲೇ, ಗಿರಣಿಯ ಮೂಲೆಯಲ್ಲಿ ನಿಂತು ಒಂದುಸಿರಿಗೆ 'ಆ' ಎನ್ನುತ್ತೇನೆ. ಯಜಮಾನರಿಗೆ ಅದು ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೆ ಮೋಟರು ಆರಿಸಿ ಬಂದು, ಹಿಟ್ಟಿನ ಶಾಖ ನೋಡುವ ಆ ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಡುತ್ತಾರೆ. ಒಳಗೆ ದನಿ ನಡುಗುವವರೆಗೂ ಕೈ ತೆಗೆಯುವುದಿಲ್ಲ. ಆಮೇಲೆ "ಐತಿ" ಎನ್ನುತ್ತಾರೆ, ನಾನು ಗಂಟಲಿಗೆ ಹತ್ತಿದ ಹಿಟ್ಟು ಒರೆಸಿಕೊಂಡು ರೊಟ್ಟಿ ಬಡಿಯಲು ಹೋಗುತ್ತೇನೆ.